ನೆಲದ ಮೇಲಣ ನಡುಗಡ್ಡೆಗಳು

ನಡುಗಡ್ಡೆ ಎಂದರೆ ಸುತ್ತಲೂ ನೀರಿರುವ ನೆಲ ಎಂದು ನಾವೆಲ್ಲರೂ ಶಾಲೆಯಲ್ಲಿ ಕಲಿತವರೇ. ಶ್ರೀರಂಗಪಟ್ಟಣವನ್ನು ಉದಾಹರಣೆಯಾಗಿ ಬರೆದು ಅಂಕ ಪಡೆದವರೇ. ಆದರೆ ಸುತ್ತಲೂ ಗದ್ದೆ, ತೋಟ, ರಸ್ತೆಗಳೇ ಇದ್ದು, ನಡುವೆ ಒಂದು ಹಳ್ಳ ಕೂಡ ಇಲ್ಲದೆ ನಡುಗಡ್ಡೆಗಳಾಗಿರುವ ಊರುಗಳೂ ಲೋಕದಲ್ಲಿ ಉಂಟು. ಅವನ್ನು ಸುತ್ತುವರಿದಿರುವುದು ನೀರಲ್ಲ, ಪರರಾಜ್ಯದ ನೆಲ. ಒಂದು ದೇಶಕ್ಕೆ ಸೇರಿದ ತುಂಡು ಭೂಮಿ ಇನ್ನೊಂದು ದೇಶದ ಹೊಟ್ಟೆಯೊಳಗೆ ಸಿಕ್ಕಿಕೊಂಡಿದ್ದರೆ ಅದನ್ನು ಭೂಗೋಳ ಶಾಸ್ತ್ರದವರು ‘ಎನ್‌ಕ್ಲೇವ್’ ಎನ್ನುತ್ತಾರೆ. ನಾವು ಅದನ್ನು ನೆಲದ ನಡುಗಡ್ಡೆ ಎಂದು ಕರೆಯೋಣ.

ಇದೇ ತುಂಡನ್ನು ಅದರ ಒಡೆತನವಿರುವ ದೇಶದ ಕಡೆಯಿಂದ ನೋಡಿದರೆ ಅದಕ್ಕೆ ‘ಎಕ್ಸ್‌ಕ್ಲೇವ್’ ಎಂಬ ಇನ್ನೊಂದು ಹೆಸರು. ಅಂದರೆ ಹೊರಗುಳಿದ ತುಂಡು. ಮದುವೆಯಾದ ಹೆಣ್ಣು ತೌರಿನವರಿಗೆ ಹೊರಗೆ ಕೊಟ್ಟ ಮಗಳು, ಅತ್ತೆಯ ಮನೆಯವರಿಗೆ ಒಳಗೆ ಬಂದ ಸೊಸೆ; ಇರುವವಳು ಒಬ್ಬಳೇ. ಇದೂ ಹಾಗೆಯೇ. ಆದರೆ ಹೊರಗುಳಿದ ತುಂಡುಗಳೆಲ್ಲ ನಡುಗಡ್ಡೆಗಳಾಗುವುದಿಲ್ಲ. ಅಮೆರಿಕದ ಅಲಾಸ್ಕ ತನ್ನ ಮೂಲದೇಶದಿಂದ ಬೇರೆಯಾಗಿದೆ, ನಡುವೆ ಕೆನಡ ಇದೆ. ಆದರೂ ಅಲಾಸ್ಕಕ್ಕೆ ಕಡಲುಂಟು. ಕಡಲಿದ್ದವರಿಗೆ ಯಾರ ಅಪ್ಪಣೆಯೂ ಬೇಡದ ಒಂದು ಬಾಗಿಲು ಇದ್ದಂತೆ. ಇನ್ನು ಇಡೀ ದೇಶವೇ ಮತ್ತೊಂದು ದೇಶದೊಳಗೆ ಇರುವುದೂ ಉಂಟು. ಇಟಲಿಯೊಳಗಿನ ಸಾನ್ ಮರೀನೊ ಮತ್ತು ವ್ಯಾಟಿಕನ್, ದಕ್ಷಿಣ ಆಫ್ರಿಕದೊಳಗಿನ ಲೆಸೋಥೊ ಇಂಥವು.

ಇದು ನಮಗೆ ತೀರ ಹೊಸ ಸಂಗತಿಯೇನೂ ಅಲ್ಲ. ಸಂಡೂರು ಸಂಸ್ಥಾನವನ್ನು ನೆನೆಯಿರಿ. ಘೋರ್ಪಡೆ ಮನೆತನದವರು ಆಳುತ್ತಿದ್ದ ಆ ಪುಟ್ಟ ರಾಜ್ಯದ ನಾಲ್ಕೂ ಕಡೆ ಇದ್ದುದು ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ. ೧೯೪೯ರಲ್ಲಿ ಸಂಡೂರು ಮದರಾಸು ಪ್ರಾಂತದಲ್ಲಿ ಲೀನವಾಯಿತು. ೧೯೫೩ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಬಂತು. ಬೆಂಗಳೂರಿನ ದಂಡು ಪ್ರದೇಶದ ಕಥೆಯೂ ಇಂಥದೇ. ೧೮೮೧ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬ್ರಿಟಿಷರು ದಂಡಿನ ಆಡಳಿತವನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಒಂದೇ ಊರಿನಲ್ಲಿ ಪೇಟೆ ಮಹಾರಾಜರದು, ದಂಡು ಬ್ರಿಟಿಷ್ ರೆಸಿಡೆಂಟರದು. ೧೯೪೭ರ ಜುಲೈ ತಿಂಗಳಲ್ಲಿ ಅದು ಮರಳಿ ಮೈಸೂರಿಗೆ ಬಂತು. ಇಂದಿಗೂ ಮಂಗಳೂರಿನಿಂದ ಕಲ್ಲಿಕೋಟೆಗೆ ರೈಲಿನಲ್ಲಿ ಹೋಗುವವರು ದಾರಿಯಲ್ಲಿ ಕಾಣುವ ಮಾಹೆ ಕೇರಳದ ಊರಲ್ಲ; ದೂರದ ಪುದುಚೇರಿಗೆ ಸೇರಿದ್ದು.

ಸಂಡೂರಿನ ಕುಮಾರಸ್ವಾಮಿಯ ದರ್ಶನಕ್ಕೆ ಹೋಗುವ ಬಳ್ಳಾರಿಯವರಿಗೆ ಸಂಸ್ಥಾನದ ಗಡಿ ಒಂದು ಗೋಡೆಯಾಗಿರಲಿಲ್ಲ. ಪೇಟೆಯ ವರ್ತಕ ದಂಡಿಗೆ ಹೋಗಿ ಸರಕು ಮಾರಿ ಸಂಜೆಗೆ ಮನೆಗೆ ಬರುತ್ತಿದ್ದ. ಹಾಗಾದರೆ ನೆಲದ ನಡುಗಡ್ಡೆ ಎಂಬುದು ಭೂಪಟದ ಒಂದು ತಮಾಷೆ ಮಾತ್ರವೇ? ಅದು ಮನುಷ್ಯರಿಗೆ ಕಷ್ಟವಾಗುವುದು ಯಾವಾಗ? ಈ ಪ್ರಶ್ನೆಗೆ ನಮ್ಮ ದೇಶದ ಈಶಾನ್ಯದ ಅಂಚಿನಲ್ಲಿ ಅರವತ್ತೆಂಟು ವರ್ಷ ನಡೆದ ಒಂದು ಕಥೆ ಉತ್ತರ ಕೊಡುತ್ತದೆ. ಅದೇ ಕೂಚ್ ಬಿಹಾರದ ‘ಛಿಟ್‌ಮಹಲ್’ಗಳ ಕಥೆ. ಛಿಟ್ ಎಂದರೆ ಚೂರು; ಮಹಲ್ ಎಂದರೆ ಕಂದಾಯದ ಭೂಮಿ.

ಕೂಚ್ ಬಿಹಾರ ಹಿಮಾಲಯದ ತಪ್ಪಲಿನ ಕೆಳಗೆ, ಈಗಿನ ಪಶ್ಚಿಮ ಬಂಗಾಳದ ಉತ್ತರ ಭಾಗದಲ್ಲಿದ್ದ ಸಂಸ್ಥಾನ. ಅದರ ದಕ್ಷಿಣಕ್ಕೆ ಮೊಗಲರ ಅಧೀನದಲ್ಲಿದ್ದ ರಂಗಪುರ. ಈ ಎರಡು ಸೀಮೆಗಳ ಹಳ್ಳಿಗಳು ಒಂದರೊಳಗೊಂದು ಹೇಗೆ ಹೊಕ್ಕವು ಎಂಬುದಕ್ಕೆ ಅಲ್ಲಿನ ಜನ ಒಂದು ಸ್ವಾರಸ್ಯವಾದ ಕಥೆ ಹೇಳುತ್ತಾರೆ. ಕೂಚ್ ಬಿಹಾರದ ರಾಜನೂ ರಂಗಪುರದ ಫೌಜುದಾರನೂ ಚದುರಂಗವಾಡುತ್ತ ಹಳ್ಳಿಗಳನ್ನೇ ಪಣವಾಗಿ ಒಡ್ಡಿ ಸೋತು ಗೆದ್ದರಂತೆ. ಧರ್ಮರಾಯನ ಜೂಜನ್ನು ಬಲ್ಲ ನಮಗೆ ಈ ಕಥೆ ಬಲು ಬೇಗ ಹಿಡಿಸುತ್ತದೆ. ಆದರೆ ನಡೆದ ಸಂಗತಿ ಬೇರೆ. ಹದಿನೇಳನೆಯ ಶತಮಾನದ ಕೊನೆಯಿಂದ ಮೊಗಲರಿಗೂ ಕೂಚ್ ಬಿಹಾರಕ್ಕೂ ಯುದ್ಧಗಳು ನಡೆದವು. ೧೭೧೧ರಿಂದ ೧೭೧೩ರ ಅವಧಿಯಲ್ಲಿ ಸಂಧಿಯಾಯಿತು. ಬೋಡಾ, ಪಾಟ್‌ಗ್ರಾಮ ಮುಂತಾದ ಸೀಮೆಗಳು ಮೊಗಲರಿಗೆ ಹೋದವು. ಆದರೆ ಆ ಸೀಮೆಗಳೊಳಗೆ ಕೆಲವು ಪಾಳೆಯಗಾರರು ತಮ್ಮ ಭೂಮಿಯನ್ನು ಬಿಟ್ಟುಕೊಡದೆ ಕೂಚ್ ಬಿಹಾರದ ಅರಸನಿಗೇ ನಿಷ್ಠರಾಗಿ ಉಳಿದರು. ಹಾಗೆಯೇ ಮೊಗಲರ ಕಡೆಯ ಕೆಲವು ಸೈನಿಕರು ಕೂಚ್ ಬಿಹಾರದೊಳಗೆ ಹಿಡಿದ ನೆಲವನ್ನು ತಮ್ಮದೆಂದೇ ಉಳಿಸಿಕೊಂಡರು. ಸಂಧಿಪತ್ರದ ಗೆರೆ ಒಂದು ಕಡೆ, ಹೊಲದ ಒಡೆಯನ ನಿಷ್ಠೆ ಇನ್ನೊಂದು ಕಡೆ. ಚೂರುಗಳು ಹುಟ್ಟಿದ್ದು ಹೀಗೆ.

ಆ ಕಾಲದ ರೈತನಿಗೆ ಇದರಿಂದ ಆದ ವ್ಯತ್ಯಾಸ ಒಂದೇ: ಕಂದಾಯವನ್ನು ಯಾರ ಕಚೇರಿಗೆ ಕಟ್ಟಬೇಕು ಎಂಬುದು. ಉಳಿದಂತೆ ಸಂತೆ ಒಂದೇ, ಭಾಷೆ ಒಂದೇ, ನಂಟಸ್ತನ ಒಂದೇ. ೧೭೭೩ರಲ್ಲಿ ಕೂಚ್ ಬಿಹಾರ ಈಸ್ಟ್ ಇಂಡಿಯ ಕಂಪೆನಿಗೆ ಕಪ್ಪ ಕೊಡುವ ಸಂಸ್ಥಾನವಾಯಿತು. ರಂಗಪುರವಂತೂ ಆಗಲೇ ಕಂಪೆನಿಯ ಆಡಳಿತದಲ್ಲಿತ್ತು. ಮೇಲೆ ಒಬ್ಬನೇ ಯಜಮಾನನಾದುದರಿಂದ ಕೆಳಗಿನ ಚೂರುಗಳನ್ನು ಯಾರೂ ಲೆಕ್ಕಿಸಲಿಲ್ಲ.

ಲೆಕ್ಕಕ್ಕೆ ಬಂದದ್ದು ೧೯೪೭ರಲ್ಲಿ. ರಂಗಪುರ ಪೂರ್ವ ಪಾಕಿಸ್ತಾನದ ಪಾಲಾಯಿತು. ಕೂಚ್ ಬಿಹಾರ ೧೯೪೯ರಲ್ಲಿ ಭಾರತದ ಆಡಳಿತಕ್ಕೆ ಬಂದು, ೧೯೫೦ರ ಜನವರಿ ೧ರಂದು ಪಶ್ಚಿಮ ಬಂಗಾಳದ ಒಂದು ಜಿಲ್ಲೆಯಾಯಿತು. ಸಂಸ್ಥಾನದ ಚೂರುಗಳು ಈಗ ಭಾರತದ ಚೂರುಗಳಾದವು. ರಂಗಪುರದ ಚೂರುಗಳು ಪಾಕಿಸ್ತಾನದ ಚೂರುಗಳಾದವು. ಆದರೂ ಒಂದೆರಡು ವರ್ಷ ಜನ ಹೇಗೋ ಓಡಾಡಿಕೊಂಡಿದ್ದರು. ೧೯೫೨ರ ಅಕ್ಟೋಬರಿನಲ್ಲಿ ಎರಡು ದೇಶಗಳ ನಡುವೆ ಪಾಸ್‌ಪೋರ್ಟು, ವೀಸಾಗಳ ಪದ್ಧತಿ ಜಾರಿಗೆ ಬಂತು. ನಕ್ಷೆ ಅದೇ ಉಳಿಯಿತು, ಬಾಗಿಲು ಮುಚ್ಚಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನೀವು ಛಿಟ್‌ಮಹಲಿನಲ್ಲಿರುವ ಭಾರತದ ಪ್ರಜೆ ಎಂದಿಟ್ಟುಕೊಳ್ಳಿ. ನಿಮ್ಮ ಸುತ್ತ ಪರದೇಶ. ನಿಮ್ಮ ದೇಶ ಎರಡು ಮೈಲಿಯಾಚೆ ಇದೆ. ಅಲ್ಲಿಗೆ ಹೋಗಬೇಕಾದರೆ ಪರದೇಶವನ್ನು ದಾಟಬೇಕು. ದಾಟಲು ವೀಸಾ ಬೇಕು. ವೀಸಾ ಕೊಡುವ ಕಚೇರಿ ನಿಮ್ಮ ಹಳ್ಳಿಯಲ್ಲಿ ಇರುತ್ತದೆಯೇ? ಅದು ದೂರದ ಪಟ್ಟಣದಲ್ಲಿದೆ. ಆ ಪಟ್ಟಣಕ್ಕೆ ಹೋಗಲು ಮೊದಲು ಪರದೇಶದ ನೆಲದ ಮೇಲೆ ಕಾಲಿಡಬೇಕು. ವೀಸಾ ಇಲ್ಲದೆ ಕಾಲಿಟ್ಟರೆ ಅಪರಾಧ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆ ಇಂಥ ಕಡೆಗೇ ಹುಟ್ಟಿದಂತಿದೆ.

ಪ್ರಜೆ ಸರ್ಕಾರದ ಬಳಿಗೆ ಹೋಗಲಾರ. ಸರ್ಕಾರವೂ ಪ್ರಜೆಯ ಬಳಿಗೆ ಬರಲಾರದು. ಅಮಲ್ದಾರನಿಗೂ ಪೊಲೀಸನಿಗೂ ಶಾಲೆಯ ಮೇಷ್ಟ್ರಿಗೂ ಅದೇ ಗಡಿ ಅಡ್ಡವಾಯಿತು. ವರ್ಷಗಳು ಕಳೆದಂತೆ ಅಧಿಕಾರಿಗಳ ಭೇಟಿ ನಿಂತೇಹೋಯಿತು. ಕಳವಾದರೆ ದೂರು ಕೊಡಲು ಠಾಣೆಯಿಲ್ಲ. ಸುತ್ತಲಿನ ದೇಶದ ಪೊಲೀಸರಿಗೆ ಅಲ್ಲಿ ಅಧಿಕಾರವಿಲ್ಲ, ಅಧಿಕಾರವಿದ್ದವರು ಬರುವಂತಿಲ್ಲ. ಹೊಲವನ್ನು ಮಾರಿದರೆ ನೋಂದಣಿ ಇಲ್ಲ. ಬಿಳಿಯ ಕಾಗದದ ಮೇಲೆ ಬರೆದುಕೊಂಡ ಮಾತೇ ಕ್ರಯಪತ್ರ. ಪಕ್ಕದ ಹಳ್ಳಿಗೆ ಹೋದ ವಿದ್ಯುತ್ ತಂತಿ ಇವರ ಮನೆಗಳಿಗೆ ಬರಲಿಲ್ಲ. ಎಷ್ಟೋ ಮಂದಿ ತಮ್ಮ ಮಕ್ಕಳನ್ನು ಪಕ್ಕದ ದೇಶದ ಶಾಲೆಗೆ ಸೇರಿಸಲು ಅಲ್ಲಿಯವರೊಬ್ಬರ ಹೆಸರನ್ನು ತಂದೆಯ ಹೆಸರೆಂದು ಬರೆಸಬೇಕಾಯಿತು. ಹೆರಿಗೆಗೆ ಆಸ್ಪತ್ರೆಗೆ ಹೋದ ಹೆಂಗಸರು ಗಂಡನ ಹೆಸರನ್ನೇ ಬದಲಿಸಿ ಹೇಳಬೇಕಾಯಿತು. ಮಗು ಪಾಠ ಕಲಿಯಬೇಕಾದರೆ ತನ್ನ ತಂದೆಯನ್ನು ತಂದೆಯಲ್ಲವೆನ್ನಬೇಕು! ಬಡತನಕ್ಕಿಂತ ದೊಡ್ಡ ಅವಮಾನ ಇದು.

ಈ ಚೂರುಗಳು ಎಷ್ಟು ಗೋಜಲಾಗಿದ್ದವು ಎಂಬುದಕ್ಕೆ ದಹಲಾ ಖಾಗ್ರಾಬಾಡಿ ಎಂಬ ಒಂದು ಹೊಲವನ್ನು ಹೇಳಿದರೆ ಸಾಕು. ಎರಡು ಎಕರೆಗೂ ಕಡಮೆಯಾದ ಈ ಹೊಲ ಭಾರತದ್ದು. ಅದರ ಸುತ್ತ ಇದ್ದುದು ಬಾಂಗ್ಲಾದೇಶಕ್ಕೆ ಸೇರಿದ ಒಂದು ಹಳ್ಳಿ. ಆ ಹಳ್ಳಿಯ ಸುತ್ತ ಭಾರತದ ಛಿಟ್‌ಮಹಲು. ಅದರ ಸುತ್ತ ಬಾಂಗ್ಲಾದೇಶ. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಮತ್ತೊಂದು ಡಬ್ಬಿ. ಇಂಥ ಮೂರು ಸುತ್ತಿನ ನಡುಗಡ್ಡೆ ಲೋಕದಲ್ಲಿ ಇದೊಂದೇ ಇತ್ತು.

ಸರ್ಕಾರಗಳು ಸುಮ್ಮನಿದ್ದುವೇ ಎಂದು ನೀವು ಕೇಳಬಹುದು. ಇರಲಿಲ್ಲ. ೧೯೫೮ರಲ್ಲೇ ಪ್ರಧಾನಿ ನೆಹರೂ ಅವರೂ ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಅವರೂ ಚೂರುಗಳನ್ನು ಅದಲು ಬದಲು ಮಾಡಿಕೊಳ್ಳಲು ಒಪ್ಪಿದರು. ಅದೇ ಒಪ್ಪಂದದಲ್ಲಿ ಬೇರುಬಾಡಿ ಎಂಬ ಪ್ರದೇಶದ ಹಂಚಿಕೆಯ ಮಾತೂ ಇತ್ತು. ದೇಶದ ನೆಲವನ್ನು ಪರರಿಗೆ ಕೊಡಲು ಸರ್ಕಾರದ ಒಪ್ಪಂದವೊಂದೇ ಸಾಕೇ ಎಂಬ ಪ್ರಶ್ನೆ ಎದ್ದು, ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ೧೯೬೦ರ ಮಾರ್ಚಿಯಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರರು ನ್ಯಾಯಾಲಯದ ಪರವಾಗಿ ಅಭಿಪ್ರಾಯ ಕೊಟ್ಟರು. ನಮ್ಮ ಗಜೇಂದ್ರಗಡದ ಹೆಸರನ್ನು ಹೊತ್ತ ಮನೆತನ ಅವರದು. ನೆಲ ಬಿಟ್ಟುಕೊಡಬೇಕಾದರೆ ಸಂವಿಧಾನವನ್ನೇ ತಿದ್ದಬೇಕು ಎಂಬುದು ಆ ಅಭಿಪ್ರಾಯದ ಸಾರ. ಅದೇ ವರ್ಷ ಒಂಬತ್ತನೆಯ ತಿದ್ದುಪಡಿಯೂ ಆಯಿತು. ಆದರೆ ವ್ಯಾಜ್ಯಗಳು ಬೆಳೆದವು, ಯುದ್ಧಗಳು ಬಂದವು, ೧೯೭೧ರಲ್ಲಿ ಪೂರ್ವ ಪಾಕಿಸ್ತಾನವೇ ಹೋಗಿ ಬಾಂಗ್ಲಾದೇಶವಾಯಿತು. ಒಪ್ಪಂದ ಕಾಗದದಲ್ಲೇ ಉಳಿಯಿತು.

೧೯೭೪ರ ಮೇ ೧೬ರಂದು ಇಂದಿರಾ ಗಾಂಧಿಯವರೂ ಷೇಖ್ ಮುಜಿಬುರ್ ರಹಮಾನರೂ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಬಾಂಗ್ಲಾದೇಶ ಅದನ್ನು ಅದೇ ವರ್ಷ ಸ್ಥಿರಪಡಿಸಿತು. ನಾವು ಸ್ಥಿರಪಡಿಸಲು ನಲವತ್ತೊಂದು ವರ್ಷ ಬೇಕಾಯಿತು. ತಡವಾದುದಕ್ಕೆ ಒಂದು ಕಾರಣ ಸರಳವಾದ ಕೂಡು ಕಳೆ ಲೆಕ್ಕ. ಬಾಂಗ್ಲಾದೇಶದೊಳಗಿದ್ದ ನಮ್ಮ ೧೧೧ ಚೂರುಗಳ ವಿಸ್ತೀರ್ಣ ೧೭,೧೬೦ ಎಕರೆ. ನಮ್ಮೊಳಗಿದ್ದ ಅವರ ೫೧ ಚೂರುಗಳದು ೭,೧೧೦ ಎಕರೆ. ಅದಲು ಬದಲು ಮಾಡಿದರೆ ನಮಗೆ ಹತ್ತು ಸಾವಿರ ಎಕರೆ ನಷ್ಟವೆಂದು ಹಲವರು ವಾದಿಸಿದರು. ಎಕರೆಗಳ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ನಮ್ಮ ಪೊಲೀಸ್ ಹೋಗಲಾರದ, ನಮ್ಮ ಅಂಚೆ ತಲುಪಲಾರದ, ನಮ್ಮ ಮತಪೆಟ್ಟಿಗೆ ಇಡಲಾಗದ ನೆಲ ಎಷ್ಟರಮಟ್ಟಿಗೆ ನಮ್ಮದಾಗಿತ್ತು? ೨೦೧೧ರಲ್ಲಿ ಎರಡು ದೇಶಗಳೂ ಸೇರಿ ಮಾಡಿದ ಎಣಿಕೆಯಲ್ಲಿ ಈ ಚೂರುಗಳಲ್ಲಿ ೫೧,೫೪೯ ಜನ ಸಿಕ್ಕಿದರು. ಲೆಕ್ಕ ಮಾಡಬೇಕಾಗಿದ್ದುದು ಎಕರೆಗಳನ್ನಲ್ಲ, ಇವರನ್ನು.

ಈ ನಡುವೆ ಒಂದು ಚೂರಿಗೆ ಮಾತ್ರ ಬೇರೆ ಬಗೆಯ ಪರಿಹಾರ ದೊರಕಿತು. ದಹಗ್ರಾಮ–ಅಂಗರಪೋತಾ ಎಂಬುದು ಭಾರತದೊಳಗಿರುವ ಬಾಂಗ್ಲಾದೇಶದ ದೊಡ್ಡ ಚೂರು. ಅದನ್ನು ಬಾಂಗ್ಲಾದೇಶ ಉಳಿಸಿಕೊಳ್ಳುವುದೆಂದೂ, ಅಲ್ಲಿಗೆ ಹೋಗಿಬರಲು ‘ತೀನ್ ಬಿಘಾ’ ಎಂಬ ಕಡೆ ೧೭೮ ಮೀಟರು ಉದ್ದ, ೮೫ ಮೀಟರು ಅಗಲದ ನೆಲವನ್ನು ಭಾರತ ಶಾಶ್ವತ ಗೇಣಿಗೆ ಕೊಡುವುದೆಂದೂ ೧೯೭೪ರಲ್ಲೇ ಗೊತ್ತಾಗಿತ್ತು. ಆದರೆ ಆ ದಾರಿಯ ಆಚೆ ಕುಚ್ಲಿಬಾಡಿ ಎಂಬ ನಮ್ಮದೇ ಹಳ್ಳಿಗಳ ಗುಂಪಿದೆ. ಆ ಇಕ್ಕಟ್ಟಾದ ನೆಲವನ್ನು ಅವರಿಗೆ ಕೊಟ್ಟರೆ ನಾವೇ ನಡುಗಡ್ಡೆಯಾಗುತ್ತೇವಲ್ಲ ಎಂದು ಅಲ್ಲಿನವರು ಹೆದರಿದರು. ಅವರ ಭಯ ಅನ್ಯಾಯದ್ದಲ್ಲ. ಒಬ್ಬರ ಬಾಗಿಲು ಇನ್ನೊಬ್ಬರ ಅಗುಳಿಯಾಗಬಾರದು. ಕಡೆಗೆ ೧೯೯೨ರ ಜೂನ್ ೨೬ರಂದು ದಾರಿ ತೆರೆಯಿತು. ಎರಡು ದೇಶಗಳ ರಸ್ತೆಗಳು ಅಲ್ಲಿ ಒಂದನ್ನೊಂದು ಅಡ್ಡಹಾಯುತ್ತವೆ. ಮೊದಮೊದಲು ಹಗಲಿನಲ್ಲಿ ಗಂಟೆ ಬಿಟ್ಟು ಗಂಟೆ ಬಾಗಿಲು ತೆಗೆಯುತ್ತಿದ್ದರು, ಆಮೇಲೆ ಹಗಲಿಡೀ. ರಾತ್ರಿ ಹೊಟ್ಟೆನೋವು ಬಂದವನು ಬೆಳಗಾಗುವವರೆಗೆ ಕಾಯಬೇಕಾಗಿತ್ತು. ೨೦೧೧ರಿಂದ ಹಗಲೂ ರಾತ್ರಿ ತೆರೆದಿಡುವ ಏರ್ಪಾಡಾಯಿತು.

ಉಳಿದ ಚೂರುಗಳ ಕಥೆ ೨೦೧೫ರಲ್ಲಿ ಮುಗಿಯಿತು. ಆ ವರ್ಷದ ಮೇ ತಿಂಗಳಲ್ಲಿ ಪಾರ್ಲಿಮೆಂಟಿನ ಎರಡು ಸಭೆಗಳೂ ಸಂವಿಧಾನದ ನೂರನೆಯ ತಿದ್ದುಪಡಿಯನ್ನು ಒಂದು ವಿರೋಧದ ಮತವೂ ಇಲ್ಲದೆ ಒಪ್ಪಿದವು. ಜುಲೈ ೩೧ರ ನಡುರಾತ್ರಿ ೧೬೨ ಚೂರುಗಳು ಅದಲು ಬದಲಾದವು. ಕಳೆದ ಅರವತ್ತೆಂಟು ವರ್ಷಗಳ ನೆನಪಿಗೆ ಜನ ಅರವತ್ತೆಂಟು ಮೇಣದ ಬತ್ತಿಗಳನ್ನು ಹಚ್ಚಿದರು. ಮನೆ ಮಠ ಬಿಟ್ಟು ಯಾರನ್ನೂ ಎಬ್ಬಿಸಲಿಲ್ಲ. ಯಾವ ದೇಶದ ಪ್ರಜೆಯಾಗಬೇಕೆಂಬುದನ್ನು ಅವರವರಿಗೇ ಬಿಡಲಾಯಿತು. ಬಹುಪಾಲು ಜನ ಇದ್ದ ಊರಿನಲ್ಲೇ ಉಳಿದು, ನೆಲ ಯಾವ ದೇಶಕ್ಕೆ ಸೇರಿತೋ ಆ ದೇಶದವರಾದರು. ಬಾಂಗ್ಲಾದೇಶದ ಕಡೆಯಿಂದ ಸುಮಾರು ಸಾವಿರ ಮಂದಿ ಭಾರತಕ್ಕೆ ಬರಲು ಹೆಸರು ಕೊಟ್ಟರು. ನಮ್ಮ ಕಡೆಯಿಂದ ಆಚೆಗೆ ಹೋಗಲು ಯಾರೂ ಬಯಸಲಿಲ್ಲ. ಬಂದವರು ದಿನ್‌ಹಾಟಾ, ಮೇಖ್ಲಿಗಂಜ್, ಹಲ್ದಿಬಾಡಿಗಳ ತಾತ್ಕಾಲಿಕ ಶಿಬಿರಗಳಲ್ಲಿ ವರ್ಷಗಟ್ಟಲೆ ಕಷ್ಟಪಟ್ಟರೆಂಬುದನ್ನೂ ಹೇಳಬೇಕು. ನಡುರಾತ್ರಿ ಧ್ವಜ ಬದಲಾದಷ್ಟು ಸುಲಭವಾಗಿ ಜಮೀನಿನ ಕಾಗದ, ಕೆಲಸ, ಸೂರುಗಳು ಕೈಗೆ ಬರುವುದಿಲ್ಲ.

ಹಾಗಾದರೆ ನೆಲದ ನಡುಗಡ್ಡೆಗಳನ್ನೆಲ್ಲ ಹೀಗೆ ಅಳಿಸಿಬಿಡುವುದೇ ಮದ್ದೇ? ಇದಕ್ಕೆ ಉತ್ತರ ಬೇಕಾದರೆ ಯುರೋಪಿನ ಬಾರ್ಲೆ ಎಂಬ ಪುಟ್ಟ ಊರಿಗೆ ಹೋಗಬೇಕು. ಇದು ನೆದರ್ಲೆಂಡ್ಸಿನೊಳಗೆ, ಬೆಲ್ಜಿಯಂ ಗಡಿಯ ಬಳಿ ಇದೆ. ೧೧೯೮ರಲ್ಲಿ ಬ್ರಬಾಂಟಿನ ಡ್ಯೂಕ್ ಇಲ್ಲಿನ ಭೂಮಿಯನ್ನು ಬ್ರೆಡಾದ ಪಾಳೆಯಗಾರನಿಗೆ ಕೊಟ್ಟು, ಕೆಲವು ತುಂಡುಗಳನ್ನು ತಾನೇ ಇಟ್ಟುಕೊಂಡ. ಅದರ ಫಲವಾಗಿ ಇಂದು ಅಲ್ಲಿ ಬೆಲ್ಜಿಯಂ ದೇಶದ ೨೨ ಚೂರುಗಳಿವೆ. ಅವುಗಳೊಳಗೆ ಮತ್ತೆ ನೆದರ್ಲೆಂಡ್ಸಿನ ೭ ಚೂರುಗಳಿವೆ. ಕೂಚ್ ಬಿಹಾರದಂಥದೇ ಗೋಜಲು. ಗಡಿಯ ಗೆರೆ ಬೀದಿಯಲ್ಲಿ ಹಾದು, ಮನೆಗಳನ್ನೇ ಸೀಳಿಕೊಂಡು ಹೋಗುತ್ತದೆ. ಒಂದು ಊರಿಗೆ ಇಬ್ಬರು ಮೇಯರುಗಳು, ಎರಡು ಪುರಸಭೆಗಳು. ಗಡಿ ಮನೆಯ ನಡುವೆ ಹಾದರೆ ಆ ಮನೆ ಯಾವ ದೇಶದ್ದು? ಅದಕ್ಕೊಂದು ಸರಳ ನಿಯಮ: ಹೆಬ್ಬಾಗಿಲು ಯಾವ ದೇಶದಲ್ಲಿದೆಯೋ ಆ ದೇಶದ್ದು.

ರೇಡಿಯೋ ಕೇಳುವ ನಿಮಗೆ ಬಾರ್ಲೆಯ ಇನ್ನೊಂದು ಸಂಗತಿ ರುಚಿಸಬಹುದು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ಬೆಲ್ಜಿಯಂ ದೇಶದ ಹೆಚ್ಚು ಭಾಗವನ್ನು ಹಿಡಿದರು. ಆದರೆ ಬಾರ್ಲೆಯ ಚೂರುಗಳನ್ನು ಮುಟ್ಟಬೇಕಾದರೆ ತಟಸ್ಥವಾಗಿದ್ದ ನೆದರ್ಲೆಂಡ್ಸನ್ನು ದಾಟಬೇಕಾಗಿತ್ತು. ಅದನ್ನು ಅವರು ಮಾಡಲಿಲ್ಲ. ೧೯೧೫ರಲ್ಲಿ ಬೆಲ್ಜಿಯಂ ಸೇನೆ ಆ ಚೂರಿನಲ್ಲಿ ಒಂದು ನಿಸ್ತಂತು ನಿಲಯವನ್ನು ಹೂಡಿತು. ನೆಲದ ದಾರಿ ಮುಚ್ಚಿದ್ದರೂ ಗಾಳಿಯ ದಾರಿಗೆ ಗಡಿಯಿರಲಿಲ್ಲ.

ಬಾರ್ಲೆಯ ಜನ ತಮ್ಮ ಚೂರುಗಳನ್ನು ಅಳಿಸಿಕೊಳ್ಳಲಿಲ್ಲ. ಪ್ರವಾಸಿಗಳಿಗೆ ತೋರಿಸಿ ಹೆಮ್ಮೆಪಡುತ್ತಾರೆ. ಅಲ್ಲಿ ಗಡಿ ಇದೆ, ಬಾಗಿಲು ತೆರೆದಿದೆ. ೨೦೨೦ರಲ್ಲಿ ಕೊರೋನಾ ಪಿಡುಗು ಬಂದಾಗ ಎರಡು ದೇಶಗಳ ನಿಯಮಗಳು ಬೇರೆಯಾಗಿ, ಗಡಿಯ ಮೇಲಿದ್ದ ಒಂದು ಬಟ್ಟೆಯಂಗಡಿಯ ಬೆಲ್ಜಿಯಂ ಭಾಗ ಮುಚ್ಚಿ, ನೆದರ್ಲೆಂಡ್ಸ್ ಭಾಗ ತೆರೆದಿತ್ತು. ಒಂದು ಅಂಗಡಿಯ ಮಟ್ಟಿಗೆ ಇದು ನಗುವ ಮಾತು. ಕೂಚ್ ಬಿಹಾರದಲ್ಲಿ ಅದೇ ಅರೆಮುಚ್ಚಿದ ಅಂಗಡಿ ಐವತ್ತು ಸಾವಿರ ಜನರ ಬಾಳಾಗಿತ್ತು.

ದಾರಿ ಎಂಬುದು ಬರಿಯ ದಯೆಯೇ, ಅಥವಾ ಹಕ್ಕೇ ಎಂಬುದನ್ನು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವೂ ವಿಚಾರ ಮಾಡಿದೆ. ಅದೂ ನಮ್ಮ ನೆಲದ ಮೊಕದ್ದಮೆಯಲ್ಲೇ. ದಾದ್ರಾ, ನಗರ್ ಹವೇಲಿಗಳು ಪೋರ್ಚುಗೀಸರ ವಶದಲ್ಲಿದ್ದ, ಸುತ್ತಲೂ ಭಾರತವಿದ್ದ ಎರಡು ಚೂರುಗಳು. ೧೯೫೪ರಲ್ಲಿ ಅವು ಪೋರ್ಚುಗೀಸರ ಆಳ್ವಿಕೆಯಿಂದ ಬಿಡುಗಡೆಯಾದಾಗ ಭಾರತ ಅವರಿಗೆ ದಾರಿ ಕೊಡಲಿಲ್ಲ. ಪೋರ್ಚುಗಲ್ ದಾವೆ ಹೂಡಿತು. ೧೯೬೦ರಲ್ಲಿ ತೀರ್ಪು ಬಂತು: ಸಾಮಾನ್ಯ ಜನರಿಗೆ, ಆಡಳಿತದ ಅಧಿಕಾರಿಗಳಿಗೆ, ಸರಕುಗಳಿಗೆ ಹಳೆಯ ರೂಢಿಯಿಂದ ಬಂದ ದಾರಿಯ ಹಕ್ಕುಂಟು, ಸೈನ್ಯಕ್ಕೂ ಶಸ್ತ್ರಾಸ್ತ್ರಗಳಿಗೂ ಇಲ್ಲ, ಆಗಿನ ಪ್ರಕ್ಷುಬ್ಧ ಸ್ಥಿತಿಯಲ್ಲಿ ಭಾರತ ದಾರಿಯನ್ನು ತಡೆದದ್ದು ತಪ್ಪಲ್ಲ. ಪರರ ಆಳ್ವಿಕೆಯನ್ನು ನೆಟ್ಟು ನಿಲ್ಲಿಸಲು ಬರುವ ಬಂದೂಕು ಒಂದು, ಸಂತೆಗೆ ಹೋಗುವ ಗಾಡಿ ಇನ್ನೊಂದು ಎಂಬ ವಿವೇಕವನ್ನು ಈ ತೀರ್ಪಿನಲ್ಲಿ ಕಾಣಬಹುದು.

ಇನ್ನು ಮುಂದೆ ಭೂಪಟದಲ್ಲಿ ಇಂಥ ಒಂದು ಚುಕ್ಕೆಯನ್ನು ಕಂಡಾಗ, ಅಥವಾ ವಾರ್ತೆಯಲ್ಲಿ ಅದರ ಹೆಸರು ಕೇಳಿಬಂದಾಗ, ಅದು ಯಾವ ರಾಜನ ಜೂಜಿನಲ್ಲಿ ಹುಟ್ಟಿತು ಎಂದು ಕೇಳುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಅಲ್ಲಿನ ಬಸುರಿ ಹೆಂಗಸು ರಾತ್ರಿಯ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಬಲ್ಲಳೇ? ಅಲ್ಲಿನ ಹುಡುಗ ತನ್ನ ತಂದೆಯ ಹೆಸರನ್ನೇ ಹೇಳಿ ಶಾಲೆಗೆ ಸೇರಬಲ್ಲನೇ? ಹೌದೆಂದಾದರೆ ಗೆರೆ ಎಷ್ಟು ಡೊಂಕಾಗಿದ್ದರೂ ಚಿಂತೆಯಿಲ್ಲ. ಅಲ್ಲವೆಂದಾದರೆ ಗೆರೆ ಎಷ್ಟು ನೇರವಾಗಿದ್ದರೂ ಆ ಊರು ನಡುಗಡ್ಡೆಯೇ.